ಪುಟ್ಟಿಗೆ ಎತ್ತಿಟ್ಟ ಮೀನು

ಮನುಷ್ಯರ ಮೇಲೆ ಹೊಟ್ಟೆಕಿಚ್ಚು ಪಟ್ಟವರಿಗೆ ಕೇಳುವವರು ಸಿಗುತ್ತಾರೆ. ಪಕ್ಕದ ಮನೆಯವರು ಹೊಸ ಕಾರು ಕೊಂಡರು, ಜೊತೆಯಲ್ಲಿ ಓದಿದವಳಿಗೆ ಬಡ್ತಿ ಸಿಕ್ಕಿತು ಎಂದು ಉರಿದುಕೊಂಡರೆ, ಜೊತೆಗೆ ಕೂತು ಉರಿಯಲು ನಾಲ್ಕು ಜನ ಬಂದೇ ಬರುತ್ತಾರೆ. ಬೆಕ್ಕಿನ ಮೇಲೆ ಹೊಟ್ಟೆಕಿಚ್ಚು ಪಟ್ಟವರು ಯಾರ ಹತ್ತಿರ ಹೇಳಿಕೊಳ್ಳಬೇಕು? ಹೇಳಿದರೆ ನಗೆಪಾಟಲು, ಹೇಳದಿದ್ದರೆ ಒಳಗೇ ಕುದಿಯಬೇಕು. ಅಕ್ಕ ಒಳಗೇ ಕುದಿಯುವ ದಾರಿ ಹಿಡಿದಿದ್ದಳು.

ಅಕ್ಕ ಎಂದರೆ ಬೀದಿಗೆಲ್ಲ ಅಕ್ಕ. ವಯಸ್ಸು ನಲವತ್ತು ದಾಟಿತ್ತು, ಮದುವೆ ಆಗಿರಲಿಲ್ಲ, ಆಗಬೇಕೆಂಬ ಆಸೆಯೂ ಈಗ ಉಳಿದಿರಲಿಲ್ಲ. ಅವಳದು ಹಲ್ಲು ಕಟ್ಟುವ ಕೆಲಸ. ಹಾಗೆಂದರೆ ಜನ ಡಾಕ್ಟರೆಂದುಕೊಳ್ಳುತ್ತಾರೆ, ಅಲ್ಲ. ಡಾಕ್ಟರುಗಳು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಅದಕ್ಕೆ ಗಾರೆ ಹೊಯ್ದು, ಮೇಣದಲ್ಲಿ ಒಸಡು ಕಟ್ಟಿ, ಒಂದೊಂದೇ ಹಲ್ಲು ಕೂರಿಸಿ, ಉಜ್ಜಿ ಹೊಳಪು ಕೊಟ್ಟು ವಾಪಸ್ಸು ಕಳಿಸುವವರು ಇಂಥ ಎರಡು ಕೋಣೆಯ ಕಾರ್ಖಾನೆಯವರು. ದಿನವಿಡೀ ಅವಳ ಮೇಜಿನ ಮೇಲೆ ಊರವರ ಬಾಯಿಗಳೇ. ಯಾರು ಯಾವ ಕಡೆ ಅಗಿಯುತ್ತಾರೆ, ಯಾರು ನಿದ್ದೆಯಲ್ಲಿ ಹಲ್ಲು ಕಡಿಯುತ್ತಾರೆ ಎಂದು ಅಚ್ಚು ನೋಡಿಯೇ ಹೇಳಬಲ್ಲಳು. ಮನೆಯಲ್ಲಿ ಅಮ್ಮನಿಗೆ ಎರಡೂ ಸಾಲು ಹಲ್ಲು ಕಟ್ಟಿದವಳೂ ಅವಳೇ. ಕೆಲಸ ಮುಗಿದ ಮೇಲೆ ಸಂಜೆ ಸಂಜೆ ಕೂತು, ಅಮ್ಮನ ಹಳೆಯ ನಗುವನ್ನು ನೆನಪು ಮಾಡಿಕೊಂಡು, ಮುಂದಿನ ಒಂದು ಹಲ್ಲನ್ನು ಬೇಕೆಂದೇ ಕೊಂಚ ಓರೆಯಾಗಿ ಕೂರಿಸಿದ್ದಳು.

ಮನೆ ಒಂದು ಬೀಗದ ಅಂಗಡಿಯ ಮೇಲಿನ ಮಹಡಿ. ಮೂರು ಕೋಣೆ, ಅಡುಗೆಮನೆ, ಬಟ್ಟೆ ಒಣಗಿಸುವಷ್ಟು ಅಗಲದ ಬಾಲ್ಕನಿ. ಅಮ್ಮ, ಅಕ್ಕ, ತಮ್ಮ, ತಮ್ಮನ ಹೆಂಡತಿ. ತಮ್ಮ ಬಸ್ ಡಿಪೋದಲ್ಲಿ ಗುಮಾಸ್ತ, ಯಾವ ಡ್ರೈವರು ಯಾವ ಬಸ್ಸು ಎಂದು ಬರೆಯುವವನು. ಅವನ ಹೆಂಡತಿ ಒಂದು ಹೋಟೆಲಿನ ರಿಸೆಪ್ಷನ್ನಿನಲ್ಲಿ ಪಾಳಿ ಪ್ರಕಾರ ನಿಲ್ಲುವವಳು. ಆ ಹೋಟೆಲಿನಲ್ಲಿ ತಿಂಗಳುಗಟ್ಟಲೆ ಇದ್ದ ಗಿರಾಕಿಯೊಬ್ಬಳು ದೇಶ ಬಿಟ್ಟು ಹೋಗುವಾಗ ತನ್ನ ಬೆಕ್ಕನ್ನು ಇವಳ ಕೈಗೆ ಕೊಟ್ಟು ಅತ್ತು ಹೋದಳು. ಬಿಳಿಯ ಮೈ, ಚಪ್ಪಟೆ ಮೂಗು, ನೆಲ ಗುಡಿಸುವಷ್ಟು ಉದ್ದ ಕೂದಲು. ಜೊತೆಗೊಂದು ಪ್ರಮಾಣಪತ್ರ, ಅದರಲ್ಲಿ ಬೆಕ್ಕಿನ ಅಪ್ಪ, ಅಜ್ಜ, ಮುತ್ತಜ್ಜ, ಅವರಪ್ಪ.

"ನಮ್ಮ ಮುತ್ತಜ್ಜ ಯಾರು ಅಂತ ನಮಗೇ ಗೊತ್ತಿಲ್ಲ," ಅಂದ ತಮ್ಮ. "ಇವಳ ವಂಶ ನೋಡಿ, ನಾವೇ ಎದ್ದು ನಿಂತು ಮಾತಾಡ್ಬೇಕು."

ಬೆಕ್ಕು ಬಂದ ದಿನ ಅಕ್ಕ ಕೆಲಸಕ್ಕೆ ಹೋಗಿದ್ದಳು. ಬರುತ್ತದೆಂದು ಗೊತ್ತಿತ್ತು, ಬಂದು ಏನೇನು ನಡೆಯಿತು ಎಂದು ಗೊತ್ತಿರಲಿಲ್ಲ. ಸಂಜೆ ಗಾರೆಯ ಧೂಳು ತುಂಬಿದ ಮೂಗಿನಲ್ಲಿ ಮೆಟ್ಟಿಲು ಹತ್ತಿ, ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಾಗ ಬಾಲ್ಕನಿಯಿಂದ ಅಮ್ಮನ ದನಿ ಕೇಳಿತು.

"ಅಡುಗೆಮನೇಲಿ ಪುಟ್ಟಿಗೆ ಅಂತ ಮೀನು ಎತ್ತಿಟ್ಟಿದ್ದೀನಿ. ಮುಳ್ಳೆಲ್ಲ ತೆಗೆದಿದ್ದೀನಿ. ಬೇರೆ ಯಾರೂ ಕೈ ಹಾಕ್ಬೇಡಿ."

ಅಕ್ಕ ಒಂದು ಚಪ್ಪಲಿ ಕಾಲಲ್ಲಿ, ಒಂದು ಕೈಯಲ್ಲಿ, ಹಾಗೇ ನಿಂತಳು. ಪುಟ್ಟಿ ಅವಳ ಹೆಸರು. ಹುಟ್ಟಿದಾಗ ಅಮ್ಮ ಇಟ್ಟ ಮನೆ ಹೆಸರು. ಆ ಹೆಸರನ್ನು ಅಮ್ಮನ ಬಾಯಲ್ಲಿ ಕೇಳಿ ಎಷ್ಟು ಕಾಲವಾಗಿತ್ತೋ. ಈಚೆಗೆಲ್ಲ "ನೋಡೇ", "ಏನೇ", "ಅಕ್ಕ ಬಂದ್ಲಾ" ಇಷ್ಟೇ. ಎರಡೂ ಚಪ್ಪಲಿ ಬಾಗಿಲಲ್ಲಿ ಬಿಟ್ಟಳು. ಒಳಗೆ ಹೋಗಿ, ಬಟ್ಟಲು ತೆಗೆದು, ಬ್ರೆಡ್ಡಿನ ಜೊತೆ ಮೀನು ತಿಂದಳು. ಉಪ್ಪಿರಲಿಲ್ಲ, ಖಾರವಿರಲಿಲ್ಲ. ಅಮ್ಮನಿಗೆ ವಯಸ್ಸಾಯಿತು, ಉಪ್ಪು ಹಾಕಲು ಮರೆತಿದ್ದಾಳೆ, ಹೇಳಿದರೆ ನೊಂದುಕೊಳ್ಳುತ್ತಾಳೆ ಎಂದು ಕೊನೆಯ ಚೂರಿನವರೆಗೂ ತಿಂದು ಬಟ್ಟಲು ತೊಳೆದಿಟ್ಟಳು.

ಅಮ್ಮ ಬೆಕ್ಕನ್ನೆತ್ತಿಕೊಂಡು ಒಳಗೆ ಬಂದು ಬಟ್ಟಲು ಹುಡುಕಿದಳು.

"ಇಲ್ಲಿದ್ದ ಮೀನೆಲ್ಲಿ?"

"ತಿಂದೆ ಅಮ್ಮ. ಚೆನ್ನಾಗಿತ್ತು."

"ಅಯ್ಯೋ, ಅದು ಪುಟ್ಟಿದು ಕಣೇ."

ಅಕ್ಕ ಅಮ್ಮನ ತೋಳಿನಲ್ಲಿದ್ದ ಬಿಳಿಯ ಗಂಟನ್ನು ನೋಡಿದಳು. ತಮ್ಮನಿಗೆ ಅರ್ಥವಾಗಲು ಅರೆಗಳಿಗೆ ಬೇಕಾಯಿತು, ಆಮೇಲೆ ಅವನ ನಗು ಕೆಳಗಿನ ಬೀಗದ ಅಂಗಡಿಗೂ ಕೇಳಿಸಿರಬೇಕು. "ಅಕ್ಕ, ನಿನ್ನ ಹೆಸರಲ್ವಾ ಅದು? ಅಮ್ಮ, ನೀನೂ ಸರಿ, ಒಂದೇ ಹೆಸರಲ್ಲಿ ಎಷ್ಟು ಜನಾನ ಸಾಕ್ತೀಯ?" ತಮ್ಮನ ಹೆಂಡತಿ ಮೊದಲು "ಅಯ್ಯೋ ಅತ್ತಿಗೆ, ನನಗೆ ಗೊತ್ತೇ ಇರ್ಲಿಲ್ಲ, ಅತ್ತೇನ ಒಂದು ಹೆಸರು ಹೇಳಿ ಅಂದೆ ಅಷ್ಟೆ" ಎಂದಳು, ಆಮೇಲೆ ಅವಳಿಗೂ ತಡೆಯಲಾಗಲಿಲ್ಲ. ಅಮ್ಮ ಕೂಡ ನಕ್ಕಳು, ಅಕ್ಕ ಕಟ್ಟಿಕೊಟ್ಟ ಹಲ್ಲಿನಲ್ಲೇ. ಅಕ್ಕನೂ ನಕ್ಕಳು. ನಗದೆ ಇನ್ನೇನು ಮಾಡುತ್ತಾಳೆ?

ಆ ರಾತ್ರಿಯಿಂದ ಅವಳಿಗೂ ಬೆಕ್ಕಿಗೂ ಎಣ್ಣೆ ಸೀಗೆಕಾಯಿ. ಬೆಕ್ಕಿಗೆ ಇದು ಗೊತ್ತಿರಲಿಲ್ಲ, ಅದು ಬೇರೆ ಮಾತು.

ಉದ್ದ ಕೂದಲಿನ ಬೆಕ್ಕನ್ನು ದಿನಾ ಬಾಚಬೇಕು. ಒಂದು ದಿನ ತಪ್ಪಿದರೂ ಹೊಟ್ಟೆಯ ಕೆಳಗೆ, ಕಿವಿಯ ಹಿಂದೆ ಜಡೆಗಟ್ಟುತ್ತದೆ. ತಮ್ಮನ ಹೆಂಡತಿಗೆ ಪಾಳಿ, ತಮ್ಮನಿಗೆ ಸೋಮಾರಿತನ. ಹಾಗಾಗಿ ಬಾಚಣಿಗೆ ಅಮ್ಮನ ಕೈಗೆ ಬಂತು. ಊಟವಾದ ಮೇಲೆ ಅಮ್ಮ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು, ಹಲ್ಲು ತೆಗೆದು ಲೋಟದಲ್ಲಿಟ್ಟು, ಬೆಕ್ಕನ್ನು ತೊಡೆಯ ಮೇಲೆ ಹಾಕಿಕೊಂಡು ಶುರುಮಾಡುತ್ತಿದ್ದಳು. ಹಲ್ಲಿಲ್ಲದ ಬಾಯಿಯ ಮಾತು ಬೆಣ್ಣೆಯ ಹಾಗೆ. "ನನ್ನ ಬಂಗಾರ, ಈ ಕಡೆ ತಿರುಗು. ನನ್ನ ಪುಟ್ಟಿ, ನೋವಾಯ್ತಾ, ಮೆಲ್ಲಗೆ, ಮೆಲ್ಲಗೆ."

"ಹಲ್ಲು ಯಾಕಮ್ಮ ತೆಗೀತೀಯ?" ಅಕ್ಕ ಒಮ್ಮೆ ಕೇಳಿದಳು.

"ಹಲ್ಲು ಹಾಕ್ಕೊಂಡು ಮಾತಾಡಿದ್ರೆ ಅದಕ್ಕೆ ನನ್ನ ದನಿ ಗುರುತು ಸಿಗಲ್ಲ ಕಣೇ. ಬೆದರುತ್ತೆ."

ತಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತು ಮಾಡಿದ ಹಲ್ಲು ಬೆಕ್ಕಿನ ಮುಂದೆ ಲೋಟದ ಪಾಲಾಗಿದ್ದನ್ನು ಅಕ್ಕ ನೋಡಿದಳು. ತಾನು ಚಿಕ್ಕವಳಿದ್ದಾಗ ಅಮ್ಮನಿಗೆ ತಲೆ ಬಾಚಲು ಪುರುಸೊತ್ತಿರಲಿಲ್ಲ. ಹೇನು, ಗೋಜು ಎಂದು ಬಾಬ್ ಕಟ್ ಮಾಡಿಸಿಬಿಡುತ್ತಿದ್ದಳು. ಆಗ ಇಲ್ಲದ ಪುರುಸೊತ್ತು ಈಗ ಎಲ್ಲಿಂದ ಬಂತು ಎಂದು ಕೇಳಬೇಕೆನಿಸಿತು. ಕೇಳಲಿಲ್ಲ, ಹೋಗಿ ಬಟ್ಟೆ ಮಡಚಿದಳು. ಮಡಚಿದ ಬಟ್ಟೆಯ ತುಂಬ ಬಿಳಿಯ ಕೂದಲು.

ಉರಿದುಕೊಂಡವಳು ಅವಳೊಬ್ಬಳೇ ಅಲ್ಲ ಎನ್ನಿ. ತಮ್ಮನ ಹೆಂಡತಿ ಪಾಳಿ ಮುಗಿಸಿ ಬಂದು ಬಾಗಿಲಲ್ಲೇ ಮಂಡಿಯೂರಿ "ಪುಟ್ಟೀ, ಬಾರೇ" ಎಂದು ಕೈ ಚಾಚಿದರೆ ಬೆಕ್ಕು ಅತ್ತೆಯ ತೊಡೆಯ ಮೇಲಿಂದ ಒಂದು ಕಣ್ಣು ತೆರೆದು ಮತ್ತೆ ಮುಚ್ಚುತ್ತಿತ್ತು. "ತಂದವಳು ನಾನು, ಅತ್ತೆ ಮಾತ್ರ ಬೇಕು ಇದಕ್ಕೆ," ಎಂದು ಅವಳು ನಗುತ್ತಲೇ ಹೇಳುತ್ತಿದ್ದಳು. ನಗು ತುಟಿಯಿಂದ ಮೇಲಕ್ಕೆ ಹೋಗುತ್ತಿರಲಿಲ್ಲ.

ಹೀಗಿರುವಾಗ ತಮ್ಮ ಒಂದು ರಾತ್ರಿ ಊಟಕ್ಕೆ ಕೂತವನು ಜೇಬಿನಿಂದ ಕಾಗದ ತೆಗೆದು ತಟ್ಟೆಯ ಪಕ್ಕ ಇಟ್ಟ.

"ಪುಟ್ಟಿಗೆ ಆರೋಗ್ಯ ವಿಮೆ ಮಾಡಿಸ್ದೆ. ಈ ಜಾತಿ ಬೆಕ್ಕಿಗೆ ಮೂಗು, ಕಣ್ಣು, ಬಾಯಿ, ಮೂತ್ರಪಿಂಡ ಎಲ್ಲದರದ್ದೂ ತಾಪತ್ರಯವಂತೆ. ಡಾಕ್ಟರು ಪರೀಕ್ಷೆ ಮಾಡಿ ಚೆನ್ನಾಗಿದೆ ಅಂತ ಬರೆದುಕೊಟ್ರು. ಆಪರೇಷನ್ ಆದ್ರೂ ಅವರೇ ಕಟ್ಟಿಕೊಡ್ತಾರೆ. ಒಂದೇ ಷರತ್ತು, ಮೊದಲನೇ ತಿಂಗಳಲ್ಲಿ ಕಾಣಿಸ್ಕೊಂಡ ಕಾಯಿಲೆಗೆ ಕೊಡಲ್ಲ."

"ಒಂದು ತಿಂಗಳು ಹುಷಾರಾಗಿರಮ್ಮ ತಾಯಿ," ಎಂದು ಅವನ ಹೆಂಡತಿ ಬೆಕ್ಕಿಗೆ ಕೈ ಮುಗಿದಳು.

ಅಕ್ಕ ಬ್ರೆಡ್ಡು ಮುರಿಯುತ್ತ ಕೇಳಿದಳು. "ನಿಮ್ಮ ಆಫೀಸಿನ ಪಾಲಿಸೀಲಿ ನನ್ನ ಹೆಸರು ಸೇರಿಸ್ತೀನಿ ಅಂದಿದ್ಯಲ್ಲ. ಕೇಳಿದ್ಯಾ?"

ತಮ್ಮ ನೀರು ಕುಡಿದ. "ಕೇಳ್ದೆ ಅಕ್ಕ. ಅವರು ಹೆಂಡತಿ, ಮಕ್ಕಳು, ಅಪ್ಪ ಅಮ್ಮ ಅಷ್ಟನ್ನೇ ಕುಟುಂಬ ಅಂತಾರೆ. ಅಕ್ಕ ಕುಟುಂಬದ ಲೆಕ್ಕಕ್ಕೆ ಬರಲ್ಲವಂತೆ."

"ಬೆಕ್ಕು ಬರುತ್ತಾ?"

"ಅದು ಬೇರೆ ಪಾಲಿಸಿ. ಆಫೀಸಿಂದಲ್ಲ, ನಾವೇ ಹೊರಗಡೆ ಮಾಡಿಸಿದ್ದು."

"ಹೊರಗಡೆ ಮನುಷ್ಯರಿಗೆ ಮಾಡಲ್ವಾ?"

ತಮ್ಮನ ಹೆಂಡತಿ ಸಾರಿನ ಪಾತ್ರೆ ಮುಂದೆ ತಳ್ಳಿ, "ಅತ್ತಿಗೆ, ಇನ್ನೊಂಚೂರು ಹಾಕ್ಕೊಳ್ಳಿ," ಎಂದಳು. ಅಮ್ಮ ಬೆಕ್ಕಿನ ಕಿವಿ ತುರಿಸುತ್ತ, "ಅವಳಿಗೇನು, ಕಲ್ಲುಗುಂಡಿನ ಹಾಗಿದ್ದಾಳೆ. ಒಂದು ದಿನ ತಲೆನೋವು ಅಂತ ಮಲಗಿದ್ದು ನಾನು ಕಂಡಿಲ್ಲ," ಅಂದಳು. ಹೊಗಳಿಕೆಗೇ ಹೇಳಿದ್ದು. ಅಕ್ಕನಿಗೆ ಅದು ಗಾಯದ ಮೇಲೆ ಬರೆ ಎಳೆದ ಹಾಗಾಯಿತು. ತಲೆನೋವೆಂದು ಮಲಗಿದರೆ ಯಾರು ಕೇಳುತ್ತಿದ್ದರು ಎಂದುಕೊಂಡು ತಟ್ಟೆ ಎತ್ತಿದಳು. ಮರುದಿನದಿಂದ ಸಂಬಳದಲ್ಲಿ ಕೊಂಚ ಕೊಂಚ ಬೇರೆ ಎತ್ತಿಡತೊಡಗಿದಳು. ತನ್ನ ಪಾಲಿಸಿ ತಾನೇ ಮಾಡಿಸಿಕೊಂಡರಾಯಿತು, ಯಾರ ಹಂಗೂ ಬೇಡ.

ಅದಾದ ಮರುವಾರ ಒಂದು ಭಾನುವಾರ. ಅಮ್ಮ ಸ್ನಾನಕ್ಕೆ ಹೋಗಿದ್ದಳು. ಅಕ್ಕ ಈರುಳ್ಳಿ ಹೆಚ್ಚುತ್ತಿದ್ದಳು. ಬೆಕ್ಕು ಬಂದು ಅವಳ ಮುಂದೆ ಕೂತು ದೊಡ್ಡದಾಗಿ ಆಕಳಿಸಿತು. ಬಾಯಿ ಕಂಡರೆ ಒಳಗೆ ಬಗ್ಗಿ ನೋಡುವುದು ಅವಳ ಕೈಗಂಟಿದ ರೋಗ, ಬಸ್ಸಿನಲ್ಲಿ ಎದುರು ಕೂತವರು ನಕ್ಕರೂ ಬಿಡುವುದಿಲ್ಲ. ನೋಡಿದಳು. ಹಿಂದಿನ ಹಲ್ಲುಗಳ ಬುಡದಲ್ಲಿ ಒಸಡು ಕೆಂಪಗೆ ಗೆರೆ ಎಳೆದಂತೆ ಊದಿಕೊಂಡಿತ್ತು. ವಾಸನೆಯೂ ಬಂತು. ಆ ವಾಸನೆ ಅವಳಿಗೆ ಹೊಸದಲ್ಲ. ಬೆಕ್ಕು ತನ್ನ ತಟ್ಟೆಯಿಂದ ಮೀನಿನ ಒಂದು ಚೂರು ಬಾಯಿಗೆ ಹಾಕಿಕೊಂಡು, ತಲೆ ಓರೆ ಮಾಡಿ, ಒಂದೇ ಕಡೆ ಅಗಿಯಿತು.

ಇದಕ್ಕೆ ಹಲ್ಲುನೋವು ಎಂದು ಅಕ್ಕನಿಗೆ ಆ ಕ್ಷಣವೇ ತಿಳಿಯಿತು.

ಅಷ್ಟರಲ್ಲಿ ಅಮ್ಮ ಸ್ನಾನದ ಮನೆಯಿಂದ ಕೂಗಿದಳು. "ಪುಟ್ಟಿ ತಿಂದ್ಲಾ?"

"ತಿಂತಿದಾಳೆ," ಅಂದಳು ಅಕ್ಕ. ಅಷ್ಟೇ ಅಂದಳು. ಮತ್ತೆ ಈರುಳ್ಳಿ ಹೆಚ್ಚಿದಳು.

ಸುಮ್ಮನಿರುವುದಕ್ಕೆ ಕಾರಣ ಹುಡುಕುವುದು ಸುಲಭ. ಮೊದಲ ತಿಂಗಳಲ್ಲಿ ಹೇಳಿದರೆ ವಿಮೆ ಸಿಗುವುದಿಲ್ಲ, ಹೇಳದಿದ್ದರೆ ಮನೆಗೇ ಒಳ್ಳೆಯದು ಎಂದು ತನಗೆ ತಾನೇ ಹೇಳಿಕೊಂಡಳು. ತಿಂಗಳು ಮುಗಿಯಿತು, ಆಗಲೂ ಹೇಳಲಿಲ್ಲ. ಕಲ್ಲುಗುಂಡಿನಂಥವಳ ಮಾತು ಯಾರಿಗೆ ಬೇಕು, ದಿನವೂ ಮುದ್ದಿಸುವವರು ನೋಡಿಕೊಳ್ಳಲಿ ಎಂದುಕೊಂಡಳು. ಬಾಯಿಗೆ ತಾನೇ ಹಾಕಿಕೊಂಡ ಬೀಗದ ಕೀಲಿಕೈಯನ್ನು ಹೊಟ್ಟೆಕಿಚ್ಚಿನ ಕೈಗೆ ಕೊಟ್ಟಿದ್ದಳು.

ಬೆಕ್ಕಿನ ಗದ್ದದ ಕೂದಲು ಜೊಲ್ಲಿನಿಂದ ಒದ್ದೆಯಾಗತೊಡಗಿತು. ಅಮ್ಮ ಒರೆಸುತ್ತ, "ನೀರು ಕುಡಿಯೋದಕ್ಕೂ ಬರಲ್ಲ ನನ್ನ ಪುಟ್ಟಿಗೆ," ಎಂದು ಮುದ್ದು ಮಾಡಿದಳು. ಗಟ್ಟಿ ಆಹಾರ ಬಿಟ್ಟಿತು. "ಶ್ರೀಮಂತರ ಮನೇಲಿ ಬೆಳೆದದ್ದು, ನಮ್ಮದು ಸೇರಲ್ಲ," ಎಂದು ಅಮ್ಮ ಮೀನನ್ನು ಕಿವುಚಿ ಗಂಜಿಯ ಹಾಗೆ ಮಾಡಿ ಬೆರಳಲ್ಲಿ ನೆಕ್ಕಿಸಿದಳು. ಅಕ್ಕ ಅದನ್ನೂ ನೋಡಿದಳು. ತಾನು ಹೇಳಿದ್ದರೆ ಈ ಬೆರಳ ಊಟ ಇರುತ್ತಿರಲಿಲ್ಲ ಎಂದು ಹೊಳೆದಾಗ ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹೊಟ್ಟೆಕಿಚ್ಚಿನ ಲಾಭ ಯಾವಾಗಲೂ ಎದುರಿನವರಿಗೇ.

ಒಂದು ದಿನ ಬೆಕ್ಕು ಮಂಚದ ಕೆಳಗೆ ಸೇರಿಕೊಂಡದ್ದು ಹೊರಗೆ ಬರಲಿಲ್ಲ. ಅಮ್ಮ ನೆಲಕ್ಕೆ ಬಗ್ಗಿ ಬೆರಳು ಚಾಚಿ ಚಾಚಿ ಕರೆದಳು. ಮರುದಿನವೂ ಬರಲಿಲ್ಲ, ನೀರೂ ಮುಟ್ಟಲಿಲ್ಲ. ತಮ್ಮನ ಹೆಂಡತಿ ರಜೆ ಹಾಕಿ ಆಸ್ಪತ್ರೆಗೆ ಒಯ್ದಳು, ಅಮ್ಮನೂ ಹೋದಳು. ಡಾಕ್ಟರು ಬಾಯಿ ತೆರೆಸಿ ನೋಡಿ, "ಇದು ಇವತ್ತಿನದಲ್ಲ. ಒಸಡು ಪೂರ್ತಿ ಹಾಳಾಗಿದೆ. ತುಂಬ ದಿನದಿಂದ ನೋವು ತಿಂದಿದೆ. ಹಲ್ಲೆಲ್ಲ ತೆಗೀಬೇಕು," ಎಂದರಂತೆ. ಅವತ್ತೇ ಮದ್ದು ಕೊಟ್ಟು ಮಲಗಿಸಿ ತೆಗೆದರು. ಬಿಲ್ಲು ನೋಡಿ ತಮ್ಮ ಕುರ್ಚಿ ಹುಡುಕಿಕೊಂಡು ಕೂತ. ಆಮೇಲೆ, "ಇರ್ಲಿ, ವಿಮೆ ಇದೆ," ಅಂದ.

ತಮ್ಮನ ಹೆಂಡತಿಗೆ ಬಿಲ್ಲಿನ ಚಿಂತೆ ಇರಲಿಲ್ಲ. ಮನೆಗೆ ಬಂದವಳೇ ಅತ್ತೆಯ ಮುಂದೆ ನಿಂತಳು. ಇಷ್ಟು ದಿನ ತುಟಿಯ ಮೇಲೆ ತಡೆದಿಟ್ಟ ನಗು ಅವತ್ತು ಇರಲಿಲ್ಲ.

"ಅತ್ತೆ, ದಿನಾ ಬಾಚ್ತೀರ. ದಿನಾ ತಿನ್ನಿಸ್ತೀರ. ಮುಖದ ಹತ್ರ ಮುಖ ಇಟ್ಟು ಮಾತಾಡ್ತೀರ. ಬಾಯಲ್ಲಿ ರಕ್ತ ಬರೋವರೆಗೂ ಗೊತ್ತಾಗ್ಲಿಲ್ವಾ ನಿಮಗೆ?"

"ನನ್ನ ಕಣ್ಣು ಅಷ್ಟು ಕಾಣಲ್ಲಮ್ಮ..."

"ಕಾಣಲ್ಲ ಅಂದ್ರೆ ನನಗೆ ಬಿಡ್ಬೇಕಿತ್ತು. ನನ್ನ ಹತ್ರ ಬರೋದಕ್ಕೇ ಬಿಡ್ಲಿಲ್ಲ ಅದನ್ನ."

ಅಮ್ಮ ಒಳಗೆ ಹೋಗಿ, ಬಾಚಣಿಗೆ ತಂದು, ಅದರಲ್ಲಿದ್ದ ಕೂದಲನ್ನು ಬಿಡಿಸಿ, ಸೊಸೆಯ ಕೈಗೆ ಕೊಟ್ಟಳು. ಈರುಳ್ಳಿ ಬುಟ್ಟಿಯ ಪಕ್ಕ ನಿಂತಿದ್ದ ಅಕ್ಕ ಇದನ್ನು ನೋಡಿದಳು. ಇಷ್ಟು ವಾರ ಬಯಸಿದ್ದು ಇದೇ ತಾನೆ? ಅಮ್ಮನ ತೊಡೆ ಖಾಲಿಯಾಯಿತು. ಸುಖ ಮಾತ್ರ ಬರಲಿಲ್ಲ.

ಆ ಮೇಲಿನ ದಿನಗಳಲ್ಲಿ ಅಮ್ಮ ಕಿಟಕಿಯ ಕುರ್ಚಿಗೆ ಹೋಗಲಿಲ್ಲ. ಅಡುಗೆ ಮಾಡುತ್ತಿದ್ದಳು, ಎಲ್ಲರಿಗೂ ಬಡಿಸುತ್ತಿದ್ದಳು, ತಾನು ಎರಡು ತುತ್ತು ತಿಂದು ಏಳುತ್ತಿದ್ದಳು. ಬೆಕ್ಕು ಸೊಸೆಯ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಲಗಿರುತ್ತಿತ್ತು. ಅಮ್ಮ ಆ ಬಾಗಿಲ ಹತ್ತಿರ ನಿಂತು ಹಿಂದಿರುಗುವುದನ್ನು ಅಕ್ಕ ಕಂಡಳು.

"ಊಟ ಮಾಡಮ್ಮ," ಅಂದಳು ಒಮ್ಮೆ.

"ಸೇರಲ್ಲ ಕಣೇ. ಅದು ನೋವಲ್ಲಿ ನನ್ನ ಬೆರಳು ನೆಕ್ತಿತ್ತು. ನಾನು ಪ್ರೀತಿಗೆ ನೆಕ್ತಿದೆ ಅಂದ್ಕೊಂಡೆ."

ಅಕ್ಕನಿಗೆ ಅದು ನುಂಗಲಾರದ ತುತ್ತಾಯಿತು.

ವಿಮೆಯವರ ಫೋನು ಬಂದದ್ದು ರಜೆಯ ದಿನ ಬೆಳಿಗ್ಗೆ. ನಾಲ್ಕೂ ಜನ ಚಹಾ ಕುಡಿಯುತ್ತ ಕೂತಿದ್ದರು. ತಮ್ಮನ ಹೆಂಡತಿ ಎಲ್ಲರಿಗೂ ಕೇಳುವ ಹಾಗೆ ಫೋನನ್ನು ಮೇಜಿನ ಮೇಲಿಟ್ಟಳು. ಆ ಕಡೆಯವನು ಮರ್ಯಾದಸ್ಥ, ಮೃದು ಮಾತಿನವನು. ಬೆಕ್ಕಿನ ವಯಸ್ಸು, ಊಟ, ಲಸಿಕೆ ಎಲ್ಲ ಕೇಳಿದ.

"ಬಾಯಿ ತೊಂದರೆ ಮೊದಲು ನಿಮ್ಮ ಗಮನಕ್ಕೆ ಬಂದದ್ದು ಯಾವಾಗ ಮೇಡಂ?"

"ಈ ತಿಂಗಳೇ. ಊಟ ಬಿಟ್ಟಾಗ."

"ದಿನವೂ ಅದನ್ನ ನೋಡ್ಕೊಳ್ಳೋರು ನೀವೇನಾ?"

"ನಮ್ಮ ಅತ್ತೆ."

"ಅವರ ಹತ್ರ ಒಂದು ಮಾತು ಕೇಳಬಹುದಾ? ನಮ್ಮ ನಿಯಮ."

ಅಮ್ಮ ಫೋನಿನ ಮುಂದಕ್ಕೆ ಬಗ್ಗಿದಳು. ಲೋಟ ಕೆಳಗಿಟ್ಟಳು.

"ನನಗೆ ಗೊತ್ತಾಗ್ಲಿಲ್ಲಪ್ಪ. ದಿನಾ ನಾನೇ ಬಾಚ್ತಿದ್ದೆ. ನಾನೇ ತಿನ್ನಿಸ್ತಿದ್ದೆ. ಮುದುಕಿ, ಕಣ್ಣು ಸರಿಯಿಲ್ಲ. ನನ್ನದೇ ತಪ್ಪು, ಮನೆಯವರದ್ದು ಏನೂ ಇಲ್ಲ."

"ಪರವಾಗಿಲ್ಲಮ್ಮ, ತಪ್ಪು ಅಂತ ಅಲ್ಲ. ನೋಡಿಕೊಳ್ಳುವವರ ಗಮನಕ್ಕೆ ಬಂದಿರಲಿಲ್ಲ ಅಂತ ಬರ್ಕೊಳ್ತೀನಿ. ಹಣ ಬರುತ್ತೆ."

ತಮ್ಮ ಉಸಿರು ಬಿಟ್ಟು ಹೆಂಡತಿಯ ಕಡೆ ನೋಡಿದ. ಕೆಲಸ ಮುಗಿದಿತ್ತು. ಎಲ್ಲರೂ ಚಹಾ ಕುಡಿದು ಎದ್ದಿದ್ದರೆ ಸಾಕಿತ್ತು. ಅಮ್ಮ ಮಾತ್ರ ಅಳತೊಡಗಿದಳು, ಸದ್ದಿಲ್ಲದೆ, ಕಟ್ಟಿದ ಹಲ್ಲು ಕಚ್ಚಿಕೊಂಡು. "ನನ್ನ ಗಮನಕ್ಕೆ ಬರ್ಲಿಲ್ಲ," ಎಂದು ಅದನ್ನೇ ಇನ್ನೊಮ್ಮೆ ಹೇಳಿದಳು, ಯಾರಿಗೆಂದು ಇಲ್ಲದೆ.

"ನನಗೆ ಬಂದಿತ್ತು," ಅಂದಳು ಅಕ್ಕ.

"ಯಾರು ಮಾತಾಡ್ತಿರೋದು?" ಎಂದಿತು ಫೋನು.

"ಈ ಮನೆಯವಳೇ. ಪಾಲಿಸಿ ಆದ ಮರುವಾರವೇ ನೋಡಿದ್ದೆ. ಒಸಡು ಕೆಂಪಾಗಿತ್ತು, ವಾಸನೆ ಬರ್ತಿತ್ತು. ನನ್ನ ಕೆಲಸವೇ ಬಾಯಿದು, ನನಗೆ ತಿಳಿಯುತ್ತೆ. ಯಾರಿಗೂ ಹೇಳ್ಲಿಲ್ಲ. ಅಮ್ಮಂದು ಏನೂ ತಪ್ಪಿಲ್ಲ, ಹಾಗೇ ಬರ್ಕೊಳ್ಳಿ."

"ಪಾಲಿಸಿಯ ಮೊದಲನೇ ತಿಂಗಳೊಳಗೇ ಅಂದ್ರಾ?" ಎಂದ ಆ ಕಡೆಯವನು, ಅಲ್ಲ ಎನ್ನಿ ಎಂಬಂಥ ದನಿಯಲ್ಲಿ.

"ಹೌದು."

"ಹಾಗಾದ್ರೆ ಕಷ್ಟ ಆಗುತ್ತೆ ಮೇಡಂ. ಕ್ಷಮಿಸಿ."

ಫೋನು ಇಟ್ಟ ಮೇಲೆ ತಮ್ಮ ಮೊದಲು ಎದ್ದ.

"ಅಕ್ಕ, ನಿನಗೆ ತಲೆ ನೆಟ್ಟಗಿದೆಯಾ? ಬಾಯಿ ಬಿಡ್ಬೇಕಾದಾಗ ಬೀಗ ಹಾಕ್ಕೊಂಡೆ. ಬೀಗ ಹಾಕ್ಬೇಕಾದಾಗ ಬಾಯಿ ಬಿಟ್ಟೆ. ಎರಡರಲ್ಲಿ ಒಂದಾದ್ರೂ ಸರಿಯಾಗಿ ಮಾಡ್ಬಾರ್ದಾಗಿತ್ತಾ?"

"ಹಣ ನಾನು ಕೊಡ್ತೀನಿ."

"ಎಲ್ಲಿಂದ?"

"ಎತ್ತಿಟ್ಟಿದ್ದೀನಿ."

"ಹಣದ ಮಾತು ಬಿಡಿ," ಅಂದಳು ತಮ್ಮನ ಹೆಂಡತಿ. ಅವಳು ಕೂಗಲಿಲ್ಲ. ಕೂಗಿದ್ದರೆ ಅಕ್ಕನಿಗೆ ಹಗುರವಾಗುತ್ತಿತ್ತು. "ಅತ್ತಿಗೆ, ಅದು ಹೇಳಿಕೊಳ್ಳೋಕೆ ಬಾಯಿ ಬಾರದ ಪ್ರಾಣಿ. ನಿಮಗೆ ಬಾಯಿತ್ತು. ನನ್ನ ಮೇಲೆ ಸಿಟ್ಟಿದ್ರೆ ನನಗೆ ಬೈಬೇಕಿತ್ತು. ನಾನು ಅತ್ತೇನ ಬೈದೆ. ಅವತ್ತೂ ಅಲ್ಲೇ ನಿಂತಿದ್ರಲ್ಲ ನೀವು."

"ನಿ‌ನ್ನ ಮೇಲೆ ಸಿಟ್ಟಿರ್ಲಿಲ್ಲ," ಅಂದಳು ಅಕ್ಕ. ಬಾಯಿ ಬಿಟ್ಟರೆ ಬಣ್ಣಗೇಡು ಅನ್ನುತ್ತಾರೆ, ಇಲ್ಲಿ ಬಣ್ಣ ಆಗಲೇ ಕೆಟ್ಟಿತ್ತು.

ತಮ್ಮನ ಹೆಂಡತಿ ಅತ್ತೆಯ ಹತ್ತಿರ ಹೋದಳು. "ಅತ್ತೆ, ಹೊಟ್ಟೆಗೆ ಹಾಕ್ಕೊಳ್ಳಿ. ನಾನು ಹಾಗೆ ಅನ್ಬಾರದಿತ್ತು." ಕೋಣೆಯ ಬಾಗಿಲು ತೆಗೆದು, ಬಾಚಣಿಗೆಯನ್ನೂ ಬೆಕ್ಕನ್ನೂ ತಂದು ಅವಳ ಮಡಿಲಿಗೆ ಹಾಕಿ, ಗಂಡನನ್ನು ಕರೆದುಕೊಂಡು ಹೊರಗೆ ಹೊರಟುಹೋದಳು. ಅಕ್ಕನ ಕಡೆ ನೋಡಲಿಲ್ಲ.

ಮನೆಯಲ್ಲಿ ಅಮ್ಮ, ಮಗಳು, ಬೆಕ್ಕು ಮೂವರೇ ಉಳಿದರು. ಬೆಕ್ಕು ಬಡವಾಗಿತ್ತು. ಅಷ್ಟು ಕೂದಲಿನೊಳಗೆ ಮೈ ಇಷ್ಟೇ ಇಷ್ಟು ಎಂದು ಈಗ ಗೊತ್ತಾಗುತ್ತಿತ್ತು. ಅಮ್ಮ ಅದರ ಬೆನ್ನು ಸವರಿದಳು.

"ಯಾಕೆ ಹೇಳ್ಲಿಲ್ಲ?" ಅಂದಳು.

"ನೀನು ನನ್ನ ಹೆಸರು ಅದಕ್ಕೆ ಇಟ್ಟೆ."

ಹೇಳಿದ ಮೇಲೆ ಅದು ಅವಳ ಕಿವಿಗೇ ಎಷ್ಟು ಚಿಕ್ಕ ಮಾತಾಗಿ ಕೇಳಿತು. ನಲವತ್ತು ದಾಟಿದವಳು ಹೇಳುವ ಮಾತಲ್ಲ. ಆದರೆ ಹೇಳಿಯಾಗಿತ್ತು, ಇನ್ನು ನಿಲ್ಲಿಸುವುದು ಹೇಗೆ? "ಅವತ್ತು ಪುಟ್ಟಿಗೆ ಅಂದಾಗ ನನಗೇ ಅಂದ್ಕೊಂಡೆ ಅಮ್ಮ. ಉಪ್ಪಿಲ್ಲದ ಮೀನು ತಿಂದೆ. ಎಲ್ಲರೂ ನಕ್ರಿ. ನೀನೂ ನಕ್ಕೆ. ಅದರ ತಲೆ ಬಾಚ್ತೀಯ, ಅದರ ಹತ್ರ ಹಲ್ಲು ತೆಗೆದು ಮಾತಾಡ್ತೀಯ. ನನ್ನನ್ನ ಯಾವತ್ತು ಆ ಹೆಸರಲ್ಲಿ ಕರೆದೆ ನೀನು? ನೆನಪಿದೆಯಾ?"

"ನೆನಪಿದೆ," ಅಂದಳು ಅಮ್ಮ. "ನಿನಗೆ ನೆನಪಿಲ್ಲ."

"ಏನು?"

"ನೀನು ಕೆಲಸಕ್ಕೆ ಸೇರಿದ ಹೊಸದು. ಮನೇಲಿ ಫೋನ್ ಇರ್ಲಿಲ್ಲ, ಅಂಗಡಿಯಿಂದ ಮಾಡ್ದೆ. ಪುಟ್ಟಿ ಇದ್ದಾಳಾ ಅಂತ ಕೇಳ್ದೆ. ನಿನ್ನ ಜೊತೆಯವರು ನಕ್ಕರಂತೆ, ಪುಟ್ಟಿ ಪುಟ್ಟಿ ಅಂತ ರೇಗಿಸಿದರಂತೆ. ಮನೆಗೆ ಬಂದು ಚೀಲ ಬಿಸಾಕಿದೆ. ನಾನೇನು ತೊಟ್ಟಿಲ ಮಗುವಾ, ಇನ್ನೊಂದು ಸಲ ಆ ಹೆಸರು ನಿನ್ನ ಬಾಯಲ್ಲಿ ಬಂದ್ರೆ ಮನೆಗೇ ಬರಲ್ಲ ಅಂದೆ."

ಅಕ್ಕನಿಗೆ ಚೀಲ ನೆನಪಾಯಿತು. ಕಂದು ಬಣ್ಣದ ಹೊಸ ಚೀಲ, ಮೊದಲ ಸಂಬಳದ್ದು. ಬಿಸಾಕಿದ್ದು ನೆನಪಾಗಲಿಲ್ಲ.

"ಅವತ್ತಿಂದ ಕರೀಲಿಲ್ಲ. ಎಷ್ಟೋ ಸಲ ನಾಲಿಗೆ ತುದಿಗೆ ಬರ್ತಿತ್ತು, ನುಂಗಿಕೊಳ್ತಿದ್ದೆ. ಮೊನ್ನೆ ಸೊಸೆ ಒಂದು ಹೆಸರು ಹೇಳಿ ಅತ್ತೆ ಅಂದ್ಲು. ಬಾಯಲ್ಲಿ ಇದ್ದದ್ದು ಅದೊಂದೇ ಕಣೇ, ಅದೇ ಬಂತು."

ಮದ್ದಿನ ಹೊತ್ತಾಗಿತ್ತು. ಅಮ್ಮ ಡ್ರಾಪರಿನಲ್ಲಿ ಮದ್ದು ಎಳೆದುಕೊಂಡಳು, ಬೆಕ್ಕು ಮುಖ ತಿರುಗಿಸಿ ಎರಡು ಹನಿ ಚೆಲ್ಲಿತು. ಅಕ್ಕ ಎದುರಿಗೆ ನೆಲದ ಮೇಲೆ ಕೂತು ಬೆಕ್ಕಿನ ದವಡೆ ಹಿಡಿದಳು. ಹೆಬ್ಬೆರಳು ಎಲ್ಲಿಡಬೇಕೆಂದು ಅವಳ ಕೈಗೆ ತಾನಾಗಿಯೇ ಗೊತ್ತಿತ್ತು. ಬಾಯಿ ತೆರೆಯಿತು. ಹೊಲಿಗೆ ಹಾಕಿದ ಒಸಡು, ಗುಲಾಬಿ ಬಣ್ಣಕ್ಕೆ ತಿರುಗುತ್ತಿತ್ತು. ಅಮ್ಮ ಮದ್ದು ಬಿಟ್ಟಳು. ಬೆಕ್ಕು ನುಂಗಿತು.

"ಈಗ ಬೇಡ ಅನ್ನಲ್ಲಮ್ಮ," ಅಂದಳು ಅಕ್ಕ, ಬೆಕ್ಕಿನ ಗದ್ದ ಒರೆಸುತ್ತ. "ಆ ಹೆಸರು ವಾಪಸ್ ಕೊಡು."

"ಕೊಡೋದಕ್ಕಾಗಲ್ಲ."

"ಯಾಕೆ?"

"ಅದಕ್ಕೆ ಅಭ್ಯಾಸ ಆಗಿದೆ. ಕರೆದ್ರೆ ಬರುತ್ತೆ." ಅಮ್ಮ ಹಲ್ಲು ತೆಗೆದು ಲೋಟದಲ್ಲಿಟ್ಟಳು. ಮಾತು ಮೆತ್ತಗಾಯಿತು, ಅರ್ಥ ಮೆತ್ತಗಾಗಲಿಲ್ಲ. "ನೀನು ಬರ್ತಿರ್ಲಿಲ್ಲ."

ಅಮ್ಮ ಬಾಚಣಿಗೆ ತೆಗೆದುಕೊಂಡು ಬೆಕ್ಕಿನ ಕಿವಿಯ ಹಿಂದಿನಿಂದ ಶುರುಮಾಡಿದಳು. ಅಷ್ಟು ದಿನ ಬಾಚದೆ ಕೂದಲು ಗಂಟು ಗಂಟಾಗಿತ್ತು. ಅಕ್ಕನ ಹೊಟ್ಟೆಯೊಳಗಿನ ಉರಿ ಇದ್ದಲ್ಲೇ ಇತ್ತು, ಎಳ್ಳಷ್ಟೂ ಆರಿರಲಿಲ್ಲ. ಆದರೂ ಅವಳು ಬಟ್ಟೆ ಮಡಚುವ ನೆಪ ಹೇಳಿ ಎದ್ದು ಹೋಗಲಿಲ್ಲ. ಅಮ್ಮನ ಕಾಲ ಬುಡದಲ್ಲೇ ಕೂತು ಕೊನೆಯವರೆಗೂ ನೋಡಿದಳು.